ಕೈಮೇಲೆ ಟ್ಯಾಟೂ, ಮೈಮೇಲೆ ಯೂನಿಫಾರ್ಮ್: ನರ್ಸಿಂಗ್ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮುಗಿದು ನರ್ಸಿಂಗ್ ಸೀಟಿನ ಮಾತು ಶುರುವಾದರೆ ಫೀಸು, ಹಾಸ್ಟೆಲ್ಲಿನ ಜೊತೆ ಈಗ ಇನ್ನೊಂದು ಪ್ರಶ್ನೆಯೂ ಬರುತ್ತದೆ. ಕೈಮೇಲೆ ಟ್ಯಾಟೂ ಇದೆ, ಏನಾದರೂ ತೊಂದರೆಯಾಗುತ್ತಾ? ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬದ ಕಡೆಯಿಂದ ಶಿವಮೊಗ್ಗಕ್ಕೆ ಓದಲು ಬರುವ ಮಕ್ಕಳು ಕೇಳುತ್ತಾರೆ. ಅವರಿಗಿಂತ ಜಾಸ್ತಿ ಅವರ ಅಪ್ಪ-ಅಮ್ಮ ಕೇಳುತ್ತಾರೆ. ನಾನು ವಾರ್ಡಿನಲ್ಲಿ ಕೆಲಸ ಮಾಡಿದವಳು, ಈಗ ವಿದ್ಯಾರ್ಥಿಗಳ ಪೋಸ್ಟಿಂಗ್, ಅಂದರೆ ವಾರ್ಡಿನಲ್ಲಿ ಕೆಲಸ ಕಲಿಯುವ ಸರದಿ, ನೋಡಿಕೊಳ್ಳುತ್ತೇನೆ. ಅವರಿಗೆ ನಾನು ಹೇಳುವ ಉತ್ತರಗಳು ಇವು.

ಟ್ಯಾಟೂ ಇದ್ದರೆ ನರ್ಸಿಂಗ್ ಸೀಟು ಸಿಗುವುದಿಲ್ಲವಾ?

ಸಿಗುತ್ತದೆ. ಬಿಎಸ್ಸಿ ನರ್ಸಿಂಗ್‌ಗೆ 17 ವರ್ಷ ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಸಾಮಾನ್ಯ ವರ್ಗದವರಿಗೆ ಶೇ 45 ಅಂಕ ಬಂದಿರಬೇಕು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಆರೋಗ್ಯ ಚೆನ್ನಾಗಿದೆ ಎಂಬ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಚರ್ಮದ ಮೇಲಿನ ಚಿತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ.

ಓದು ಮುಗಿದ ಮೇಲೆ ನರ್ಸಿಂಗ್ ಕೌನ್ಸಿಲ್ ನೋಂದಣಿಗೆ ಅಡ್ಡಿಯಾಗುತ್ತದಾ?

ಇಲ್ಲ. ಕೌನ್ಸಿಲ್ ನೋಡುವುದು ನೀವು ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿ ಪಾಸಾಗಿದ್ದೀರಾ ಅಂತ. ಕಾಲೇಜಿಗೆ ಮಾನ್ಯತೆ ಇದೆಯಾ ಇಲ್ಲವಾ ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಿ. ಟ್ಯಾಟೂಗಿಂತ ಅದು ದೊಡ್ಡ ವಿಷಯ, ಆದರೆ ಯಾಕೋ ಅದನ್ನು ಕೇಳುವವರು ಕಮ್ಮಿ.

ಹಾಗಾದರೆ ತೊಂದರೆ ಎಲ್ಲಿ ಬರುತ್ತದೆ?

ಖಾಸಗಿ ಆಸ್ಪತ್ರೆಯ ಇಂಟರ್‌ವ್ಯೂನಲ್ಲಿ. ಅಲ್ಲಿನ ಡ್ರೆಸ್ ನಿಯಮ ಆಯಾ ಆಡಳಿತದ್ದು. ಎಷ್ಟೋ ಕಡೆ ನಿಯಮ ಕಾಗದದ ಮೇಲೆ ಇರುವುದೇ ಇಲ್ಲ, ನರ್ಸುಗಳ ಮೇಲ್ವಿಚಾರಣೆ ಮಾಡುವ ಮೇಟ್ರನ್ ಮೇಡಂ ಮನಸ್ಸಿನಲ್ಲಿರುತ್ತದೆ. ಒಬ್ಬರು ನೋಡಿಯೂ ನೋಡದಂತೆ ಇರುತ್ತಾರೆ. ಇನ್ನೊಬ್ಬರು ನಿಮ್ಮ ಸರ್ಟಿಫಿಕೇಟ್ ಫೈಲಿಗಿಂತ ಮೊದಲು ಮಣಿಕಟ್ಟು ನೋಡುತ್ತಾರೆ. ಕಾಲೇಜುಗಳಲ್ಲೂ ಇದೇ ಕಥೆ. ಕೆಲವು ಕಾಲೇಜುಗಳ ಪ್ರಾಸ್ಪೆಕ್ಟಸ್‌ನಲ್ಲೇ ಟ್ಯಾಟೂ, ಉದ್ದ ಉಗುರು, ಬಣ್ಣ ಹಾಕಿದ ಕೂದಲು ಬೇಡ ಅಂತ ಬರೆದಿರುತ್ತದೆ. ಫೀಸು ಕಟ್ಟುವ ಮುಂಚೆ ಆ ಪುಟ ಓದಿ.

ತುಂಬು ತೋಳಿನ ಏಪ್ರನ್ ಹಾಕಿ ಮುಚ್ಚಿಕೊಂಡರೆ ಆಯ್ತಲ್ವಾ?

ಎಲ್ಲರೂ ಕೊಡುವ ಸಲಹೆ ಇದು. ನನ್ನ ಪ್ರಕಾರ ತಪ್ಪು ಸಲಹೆಯೂ ಇದೇ.

ಬ್ಯಾಂಕಿನಲ್ಲಿ, ಶಾಲೆಯಲ್ಲಿ ತೋಳು ಇಳಿಸಿಕೊಂಡರೆ ಮುಗಿಯಿತು. ರೋಗಿಯನ್ನು ಮುಟ್ಟುವ ಕೆಲಸದಲ್ಲಿ ಮೊಣಕೈಯಿಂದ ಕೆಳಗೆ ಏನೂ ಇರಬಾರದು. ಬಳೆ ಬೇಡ, ವಾಚು ಬೇಡ, ಕಲ್ಲಿನ ಉಂಗುರ ಬೇಡ, ಧರ್ಮಸ್ಥಳದಿಂದ ತಂದ ದಾರವೂ ಬೇಡ. ಬ್ರಿಟನ್ನಿನ ಆರೋಗ್ಯ ಇಲಾಖೆ 2007ರಲ್ಲಿ ಇದನ್ನು ಅಲ್ಲಿನ ಆಸ್ಪತ್ರೆಗಳಿಗೆ ಹೇಳಿತು. ಆಮೇಲೆ ಬೇರೆ ದೇಶಗಳ ಆಸ್ಪತ್ರೆಗಳೂ ಹಿಡಿದುಕೊಂಡವು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಕೈ ತೊಳೆಯುವುದರ ಬಗ್ಗೆ ತಂದ ಮಾರ್ಗಸೂಚಿಯನ್ನು ನಮ್ಮ ವಾರ್ಡುಗಳ ಸಿಂಕಿನ ಮೇಲೆ ಅಂಟಿಸಿರುವ ಚಾರ್ಟಿನಲ್ಲಿ ನೋಡಿರುತ್ತೀರಿ. ಸ್ಯಾನಿಟೈಸರ್ ಆದರೆ 20ರಿಂದ 30 ಸೆಕೆಂಡು, ಸೋಪು-ನೀರಾದರೆ 40ರಿಂದ 60 ಸೆಕೆಂಡು. ಜೊತೆಗೆ ಮಣಿಕಟ್ಟನ್ನೂ ತೊಳೆಯಬೇಕು. ತೋಳು ಮಣಿಕಟ್ಟಿನವರೆಗೆ ಇಳಿದಿದ್ದರೆ ತೊಳೆಯುವುದು ಹೇಗೆ?

ಅನುಮಾನ ಇದ್ದರೆ ತುಂಬು ತೋಳಿನಲ್ಲಿ ಒಂದು ಸುತ್ತು ಡ್ರೆಸ್ಸಿಂಗ್ ಮಾಡಿದವರ ತೋಳಿನ ತುದಿ ನೋಡಿ. ನಾಲ್ಕನೇ ಬೆಡ್ಡಿಗೆ ಬರುವಷ್ಟರಲ್ಲಿ ಅಲ್ಲಿ ಬೆಟಾಡಿನ್ನಿನ ಕಂದು ಕಲೆ ಕೂತಿರುತ್ತದೆ. ಅದು ಕಣ್ಣಿಗೆ ಕಂಡಿದ್ದು. ಮೊದಲನೇ ಬೆಡ್ಡಿನ ಕೀವು, ಎರಡನೇ ಬೆಡ್ಡಿನ ಚಾದರದ ಮೇಲಿದ್ದದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅದೂ ಜೊತೆಗೇ ಬಂದಿರುತ್ತದೆ. ಹಳೆಯ, ಪೂರ್ತಿ ಮಾಗಿದ ಟ್ಯಾಟೂ ಯಾರಿಗೂ ಸೋಂಕು ಹರಡುವುದಿಲ್ಲ. ಅದನ್ನು ಮುಚ್ಚಲು ಹಾಕಿದ ಬಟ್ಟೆ ಹರಡಬಹುದು. ಹಾಗಿದ್ದರೂ ವಾರ್ಡಿನ ಕೆಲವು ಇನ್‌ಚಾರ್ಜ್‌ಗಳು ‘ಫುಲ್ ಸ್ಲೀವ್ಸ್ ಹಾಕ್ಕೊಂಡು ಬಾ’ ಅಂತಲೇ ಕಳಿಸುತ್ತಾರೆ. ಹಾಗೆ ಹೇಳಿದರೆ ಜಗಳ ಮಾಡಬೇಡಿ. ‘ಮೇಡಂ, ಬೆಡ್ ಹತ್ತಿರ ಮೊಣಕೈವರೆಗೆ ಮಡಚಿಕೊಳ್ತೀನಿ’ ಅನ್ನಿ. ಬಹಳ ಸಲ ಒಪ್ಪುತ್ತಾರೆ.

ಅದಕ್ಕೇ ನಾನು ಹೇಳುವುದು: ಮುಂಗೈ ಮೇಲೆ ಹಾಕಿಸಿದರೆ ಅದು ಎಲ್ಲರಿಗೂ ಕಂಡೇ ಕಾಣುತ್ತದೆ, ಆಮೇಲೆ ಮುಚ್ಚಬಹುದು ಅಂತ ಲೆಕ್ಕ ಹಾಕಬೇಡಿ.

ಮೇಕಪ್ ಹಚ್ಚಿ ಮರೆಮಾಡಿದರೆ? ಕ್ರಿಕೆಟ್ ಆಡುವವರು ಹಾಕುವ ತೋಳುಚೀಲ ಹಾಕಿದರೆ?

ಕನ್ಸೀಲರ್ ಇಂಟರ್‌ವ್ಯೂ ದಿನಕ್ಕೆ ಸರಿ. ಡ್ಯೂಟಿಯಲ್ಲಿ ಕೈಗೆ ಸ್ಯಾನಿಟೈಸರ್ ಬಿದ್ದ ಕೂಡಲೇ ಕರಗಿ ಗ್ಲೌಸಿನ ಅಂಚಿಗೆ ಮೆತ್ತಿಕೊಳ್ಳುತ್ತದೆ. ತೋಳುಚೀಲಕ್ಕೂ ಏಪ್ರನ್ ತೋಳಿಗೂ ವ್ಯತ್ಯಾಸ ಇಲ್ಲ. ಚರ್ಮಕ್ಕೆ ಅಂಟಿಕೊಂಡಿರುತ್ತದೆ, ರೋಗಿಯಿಂದ ರೋಗಿಗೆ ಬದಲಾಯಿಸುವವರು ಯಾರೂ ಇಲ್ಲ.

ಹಾಕಿಸಿಕೊಳ್ಳಲೇಬೇಕು ಅಂತಿದ್ದರೆ ಎಲ್ಲಿ, ಎಂಥದ್ದು ಹಾಕಿಸಬೇಕು?

ಹೆಗಲು, ತೋಳಿನ ಮೇಲ್ಭಾಗ, ಬೆನ್ನು, ಪಾದದ ಗಂಟು. ಅರ್ಧ ತೋಳಿನ ಯೂನಿಫಾರ್ಮಿನಲ್ಲಿ, ಚೂಡಿದಾರಿನಲ್ಲಿ ಇವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಆದರೆ ಸೇನೆ, ಅರೆಸೇನಾ ಪಡೆ ಸೇರುವ ಮನಸ್ಸಿದ್ದರೆ ಈ ಲೆಕ್ಕ ಪೂರ್ತಿ ಉಲ್ಟಾ. ಕೆಳಗೆ ಹೇಳಿದ್ದೇನೆ, ಓದಿಯೇ ಹೆಜ್ಜೆ ಇಡಿ.

ಮುಂಗೈಯ ಒಳಮೈ ಬಗ್ಗೆ ಒಂದು ಮಾತು. ಕ್ಷಯದ ಮಾಂಟೂ ಪರೀಕ್ಷೆಯ ಚುಚ್ಚುಮದ್ದನ್ನು ಕೊಡುವುದು ಅಲ್ಲೇ. 48ರಿಂದ 72 ಗಂಟೆ ಬಿಟ್ಟು ಎಷ್ಟು ಮಿಲಿಮೀಟರ್ ಗಟ್ಟಿಯಾಗಿದೆ ಅಂತ ಅಳೆಯುತ್ತಾರೆ. ಆ ಜಾಗದ ತುಂಬಾ ಚಿತ್ರ ಇದ್ದರೆ ಚುಚ್ಚಲು ಖಾಲಿ ಚರ್ಮ ಹುಡುಕಬೇಕು. ನರ್ಸಿಂಗ್ ಮಾಡುವವರಿಗೆ ಈ ಪರೀಕ್ಷೆ ಒಂದಲ್ಲ ಒಂದು ಸಲ ಬಂದೇ ಬರಬಹುದು.

ಎಂಥದ್ದು ಅನ್ನುವುದಕ್ಕೆ ನನ್ನದು ಸ್ವಲ್ಪ ಕಟ್ಟುನಿಟ್ಟು. ತಲೆಬುರುಡೆ, ರಕ್ತ ತೊಟ್ಟಿಕ್ಕುವ ಚೂರಿ, ಬೈಗುಳ ಬೇಡ. ಪಕ್ಷದ ಚಿಹ್ನೆ, ಜಾತಿಯ ಹೆಸರು ಖಂಡಿತ ಬೇಡ. ನಿಮ್ಮ ಕೈಯಿಂದ ಔಷಧಿ ತೆಗೆದುಕೊಳ್ಳುವವನು ಇನ್ನೊಂದು ಪಕ್ಷದವನಾಗಿರುತ್ತಾನೆ. ಜೇಡ, ಹುಳ, ಹಾವೂ ಬೇಡ, ಇದಕ್ಕೆ ಬೇರೆಯೇ ಕಾರಣ ಇದೆ. ಜ್ವರ ತಲೆಗೇರಿದವರಿಗೆ, ಆಪರೇಷನ್ ಆಗಿ ಭ್ರಮೆಯಲ್ಲಿರುವ ವಯಸ್ಸಾದವರಿಗೆ, ಕುಡಿತ ಬಿಟ್ಟು ನಡುಗುತ್ತಿರುವವರಿಗೆ ಮೊದಲೇ ಗೋಡೆ ಮೇಲೆ ಹುಳ ಹರಿದಂತೆ ಕಾಣುತ್ತಿರುತ್ತದೆ. ಅವರ ಮುಂದೆ ಜೇಡ ಇರುವ ಕೈ ಚಾಚಿದರೆ ಕಿರುಚುತ್ತಾರೆ.

ನಮ್ಮ ಕಡೆಯ ರೋಗಿಗಳು, ಅದರಲ್ಲೂ ಹಳ್ಳಿಯಿಂದ ಬಂದ ವಯಸ್ಸಾದವರು ಏನಂದುಕೊಳ್ಳುತ್ತಾರೆ?

ನೀವು ಹೆದರುವಷ್ಟು ಏನೂ ಇಲ್ಲ. ಮಲೆನಾಡಿನ ಅಜ್ಜಿಯರ ಕೈ ನೋಡಿ. ಹಚ್ಚೆ ಇಲ್ಲದ ಕೈ ಒಂದು ಕಾಲದಲ್ಲಿ ಅಪರೂಪವಾಗಿತ್ತು.

ಹೊಸನಗರದ ಕಡೆಯ ಒಬ್ಬರು ಅಜ್ಜಿ ವಾರ್ಡಿಗೆ ಬಂದಿದ್ದರು. ವಾಂತಿ-ಭೇದಿಯಾಗಿ ನೀರಿಲ್ಲದೆ ನರಗಳೆಲ್ಲ ಒಳಗೆ ಸೇರಿಹೋಗಿದ್ದವು. ಎಡಗೈ ಮೇಲೆ ತುಳಸಿಕಟ್ಟೆ, ಅದರ ಕೆಳಗೊಂದು ಚೇಳು, ಎರಡೂ ಹಸಿರು-ಕಪ್ಪಾಗಿ ಹರಡಿಕೊಂಡಿದ್ದವು. ಡ್ರಿಪ್ ಹಾಕಲು ಹೋದ ವಿದ್ಯಾರ್ಥಿನಿಯ ಮಣಿಕಟ್ಟಿನಲ್ಲಿ ಸಣ್ಣ ನವಿಲುಗರಿ. ಅಜ್ಜಿ ಸೂಜಿ ಕಂಡು ಕೈ ಎಳೆದುಕೊಂಡವರು ಅದನ್ನು ನೋಡಿ ನಿಂತರು.

‘ಇದೆಂಥದೇ ಮಾರಾಯ್ತಿ, ನಿಂಗೂ ಹೊಯ್ದಿದಾರಾ? ನೋವಾಯ್ತಾ?’

‘ಸ್ವಲ್ಪ ಆಯ್ತಜ್ಜಿ.’

‘ನಮ್ಗೆ ಕೊರವಂಜಿ ಬಂದು ಚುಚ್ಚಿದ್ಲು. ನಾನು ಅಟ್ಟ ಹತ್ತಿ ಕೂತಿದ್ದೆ. ಎಳ್ಕೊಂಡ್ ಬಂದ್ರು.’

ಮಾತಾಡುತ್ತಾ ಮಾತಾಡುತ್ತಾ ಕೈ ಕೊಟ್ಟರು. ಹುಡುಗಿ ಚೇಳಿನ ಪಕ್ಕ ಬೆರಳಿಟ್ಟು ಒತ್ತಿ ಒತ್ತಿ ನರ ಹುಡುಕಿ ಕ್ಯಾನುಲಾ ಹಾಕಿದಳು.

ಗೊಣಗುವವರು ಇಲ್ಲವೇ ಇಲ್ಲ ಅಂತಲ್ಲ. ನಾನು ನೋಡಿದಂತೆ ಅವರು ಬೆಡ್ ಮೇಲೆ ಇರುವವರಲ್ಲ, ಬೆಡ್ ಪಕ್ಕ ಮೊಬೈಲ್ ಹಿಡಿದು ನಿಂತಿರುವ ನಡುವಯಸ್ಸಿನ ಮಗ, ಅಳಿಯ. ‘ಇವ್ರೆಲ್ಲ ಏನ್ ನರ್ಸೋ’ ಅಂತಾರೆ. ಬಾಟ್ಲಿ ಖಾಲಿಯಾಗುವ ಮುಂಚೆ ನೀವು ಬಂದು ನೋಡಿದರೆ ಸಾಯಂಕಾಲದ ಹೊತ್ತಿಗೆ ಅವರೂ ಸಿಸ್ಟರ್ ಅನ್ನುತ್ತಾರೆ.

ರೋಗಿಯ ಕೈಮೇಲೇ ಟ್ಯಾಟೂ ಇದ್ದರೆ ನಾವು ಏನು ನೋಡಬೇಕು?

ಇದನ್ನು ಕೇಳುವವರು ಕಮ್ಮಿ, ಆದರೆ ಕೆಲಸಕ್ಕೆ ಬರುವ ಪ್ರಶ್ನೆ. ಶಾಯಿಯ ಕೆಳಗೆ ನರದ ನೀಲಿ ಬಣ್ಣ ಕಾಣುವುದಿಲ್ಲ. ಕಣ್ಣಿಗಿಂತ ಬೆರಳನ್ನು ನಂಬಿ. ಡ್ರಿಪ್ ಹಾಕಿದ ಜಾಗ ಊದಿಕೊಂಡರೆ ಮೊದಲು ಕೆಂಪಾಗುತ್ತದೆ ಅಂತ ಕಲಿತಿರುತ್ತೀರಿ. ಟ್ಯಾಟೂ ಮೇಲೆ ಆ ಕೆಂಪು ಗೊತ್ತೇ ಆಗುವುದಿಲ್ಲ. ಮುಟ್ಟಿ ನೋಡಿ. ಬಿಸಿ ಇದೆಯಾ, ಗಟ್ಟಿಯಾಗಿದೆಯಾ, ಒತ್ತಿದರೆ ನೋವಾ ಅಂತ ಕೇಳಿ, ಇನ್ನೊಂದು ಕೈ ಜೊತೆ ಹೋಲಿಸಿ. ಇನ್ನೂ ಮಾಗದ ಹೊಸ ಟ್ಯಾಟೂ ಮೇಲೆ ಸೂಜಿ ಹಾಕಲೇಬೇಡಿ, ಬೇರೆ ಜಾಗ ನೋಡಿ.

ಯಾವಾಗ ಹಾಕಿಸಿದರೆ ಒಳ್ಳೆಯದು? ಪೋಸ್ಟಿಂಗ್ ನಡುವೆ ಹಾಕಿಸಬಹುದಾ?

ಬೇಡ. ಹೊಸ ಟ್ಯಾಟೂ ಅಂದರೆ ತೆರೆದ ಗಾಯ. ಮೇಲಿನ ಚರ್ಮ ಕೂಡಿಕೊಳ್ಳಲು ಎರಡು-ಮೂರು ವಾರ ಬೇಕು, ಒಳಗೆ ಪೂರ್ತಿ ಮಾಗಲು ತಿಂಗಳುಗಳೇ ಹಿಡಿಯಬಹುದು. ಆ ಗಾಯದ ಕೈ ಹಿಡಿದುಕೊಂಡು ವಾರ್ಡಿಗೆ ಬಂದರೆ ರೋಗಿಯಿಂದ ನಿಮಗೂ ಸೋಂಕು, ನಿಮ್ಮಿಂದ ರೋಗಿಗೂ ಸೋಂಕು. ಆಪರೇಷನ್‌ಗೆ ಮುಂಚೆ ಮಾಡುವ ಸರ್ಜಿಕಲ್ ಸ್ಕ್ರಬ್ ಅಂತೂ ಕೈಯನ್ನು ಮೊಣಕೈವರೆಗೆ ತಿಕ್ಕುವ ಕೆಲಸ, ಸಿಪ್ಪೆ ಏಳುತ್ತಿರುವ ಚರ್ಮದ ಮೇಲೆ ಆಗುವ ಮಾತಲ್ಲ.

ಉದ್ದ ರಜೆಯ ಮೊದಲ ದಿನಗಳಲ್ಲಿ ಹಾಕಿಸಿ. ನಮ್ಮ ಮಳೆಗಾಲದಲ್ಲಂತೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಚ್ಚಲ ಒಲೆ ಮೇಲೆ ಯೂನಿಫಾರ್ಮ್ ಒಣಗಿಸಿ, ಅರ್ಧ ಹಸಿ ಬಟ್ಟೆಯಲ್ಲೇ ಬಸ್ ಹತ್ತುವವರು ನಾವು. ಆ ಥಂಡಿಯಲ್ಲಿ ಗಾಯ ಒಣಗಿಸಿ ಇಟ್ಟುಕೊಳ್ಳುವುದು ಕಷ್ಟ. ಮಾಗುವವರೆಗೆ ಹೊಳೆ, ಕೆರೆ ನೀರಿಗೆ ಇಳಿಯಬೇಡಿ. ಡಿಸೆಂಬರ್ ಮೇಲೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತು ಸಿಕ್ಕಿದ ಕಾಯಿಲೆ ಇದು, ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. ಕಾಡಂಚಿನ ಹಳ್ಳಿಗೆ ಪೋಸ್ಟಿಂಗ್ ಹೋಗುವಾಗ ಉಣುಗು ಕಚ್ಚದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತೇವೆ. ಹಸಿ ಟ್ಯಾಟೂ ಮೇಲೆ ಅದನ್ನು ಹಚ್ಚುವಂತಿಲ್ಲ, ಹಚ್ಚದೆ ಕಾಡಿಗೆ ಹೋಗುವಂತೆಯೂ ಇಲ್ಲ.

ಜಾತ್ರೆಯಲ್ಲಿ ಕಮ್ಮಿ ದುಡ್ಡಿಗೆ ಹಾಕುತ್ತಾರೆ, ಹಾಕಿಸಬಹುದಾ?

ನರ್ಸಿಂಗ್ ಓದುವವರು ಈ ಪ್ರಶ್ನೆ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಾಗರದ ಮಾರಿಕಾಂಬಾ ಜಾತ್ರೆಗೆ ಹೋಗಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆಗೆ ಹೋಗಿ, ಬೆಂಡು-ಬತ್ತಾಸು ತಿನ್ನಿ, ತೊಟ್ಟಿಲು ಹತ್ತಿ. ಬಯಲಿನಲ್ಲಿ ಕೂತು ಚುಚ್ಚಿಸಿಕೊಳ್ಳಬೇಡಿ. ಅದೇ ಸೂಜಿ, ಅದೇ ಶಾಯಿ ಬಟ್ಟಲು, ಅದೇ ಒರೆಸುವ ಬಟ್ಟೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹೇಗೆ ಹರಡುತ್ತವೆ ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆಯುವವರು ನೀವೇ ಅಲ್ವಾ?

ಅಂಗಡಿಯಲ್ಲಾದರೂ ಸೂಜಿಯ ಪೊಟ್ಟಣವನ್ನು ನಿಮ್ಮೆದುರೇ ಒಡೆಯಬೇಕು. ಶಾಯಿಯನ್ನು ಹೊಸ ಸಣ್ಣ ಕಪ್ಪಿಗೆ ಹಾಕಬೇಕು, ಉಳಿದದ್ದನ್ನು ಬಾಟ್ಲಿಗೆ ವಾಪಸ್ ಸುರಿಯಬಾರದು. ಹೊಸ ಗ್ಲೌಸ್ ಬೇಕು. ಕೇಳಲು ನಾಚಿಕೆ ಬೇಡ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಟ್ಯಾಟೂ ಇರಲಿ ಬಿಡಲಿ, ನರ್ಸಿಂಗ್‌ಗೆ ಬರುವವರಿಗೆ ಇದು ಬೇಕೇ ಬೇಕು. ಮೂರೂ ಮುಗಿಸಿ. ಎರಡು ತಗೊಂಡು ಮೂರನೆಯದು ಮರೆಯುವವರೇ ಜಾಸ್ತಿ. ಹೆಪಟೈಟಿಸ್ ಸಿಗೆ, ಎಚ್‌ಐವಿಗೆ ಲಸಿಕೆ ಇಲ್ಲ.

ಟ್ಯಾಟೂ ಹಾಕಿಸಿದವರು ರಕ್ತದಾನ ಮಾಡಬಾರದಾ?

ಭಾರತದಲ್ಲಿ ಈಗಿರುವ ನಿಯಮದಂತೆ ಹಾಕಿಸಿದ ಮೇಲೆ 12 ತಿಂಗಳು ಕೊಡುವಂತಿಲ್ಲ. ಆಮೇಲೆ ಕೊಡಬಹುದು. ಮೇ 12ರ ನರ್ಸ್‌ಗಳ ದಿನಕ್ಕೋ ಜೂನ್ 14ರ ರಕ್ತದಾನಿಗಳ ದಿನಕ್ಕೋ ಕಾಲೇಜಿನಲ್ಲಿ ಕ್ಯಾಂಪ್ ಇದ್ದರೆ ಫಾರ್ಮಿನಲ್ಲಿ ನಿಜ ಬರೆಯಿರಿ.

ಮಿಲಿಟರಿ ನರ್ಸಿಂಗ್, ಅರೆಸೇನಾ ಪಡೆಯ ಆಸ್ಪತ್ರೆಗೆ ಹೋಗುವ ಆಸೆ ಇದೆ.

ಇಲ್ಲಿ ನಿಯಮ ಲಿಖಿತವಾಗಿದೆ, ಬಿಗಿಯಾಗಿಯೂ ಇದೆ. ಸೇನೆಯ ನೇಮಕಾತಿಯಲ್ಲಿ ಶಾಶ್ವತ ಟ್ಯಾಟೂಗೆ ಅವಕಾಶ ಇರುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಮುಂಗೈಯ ಒಳಮೈಯಲ್ಲಿ, ಇಲ್ಲವೇ ಅಂಗೈ ಹಿಂಬದಿಯಲ್ಲಿ. ಬೇರೆ ಕಡೆ ಇದ್ದರೆ ಆಯ್ಕೆಯಿಂದ ಹೊರಗೆ. ಸಂಪ್ರದಾಯದಂತೆ ಹಚ್ಚೆ ಹಾಕಿಸುವ ಬುಡಕಟ್ಟಿನವರಿಗೆ ವಿನಾಯಿತಿ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಲ್ಲಿ ಸಲ್ಯೂಟ್ ಹೊಡೆಯದ ಎಡ ಮುಂಗೈಯ ಒಳಮೈ ಅಥವಾ ಅಂಗೈ ಹಿಂಬದಿಯಲ್ಲಿ ಇರಬಹುದು, ಆ ಭಾಗದ ಕಾಲು ಭಾಗಕ್ಕಿಂತ ಸಣ್ಣದಿರಬೇಕು. ಹೆಸರು, ದೇವರ ಚಿತ್ರ ಆದರೆ ಸರಿ.

ತಮಾಷೆ ನೋಡಿ. ಶಿವಮೊಗ್ಗದ ಖಾಸಗಿ ಆಸ್ಪತ್ರೆಗೆ ಬೇಡವಾದ ಜಾಗ ಸೇನೆಗೆ ಆಗುತ್ತದೆ. ಯೂನಿಫಾರ್ಮಿನಲ್ಲಿ ಮುಚ್ಚಿಹೋಗುವ ಹೆಗಲಿನ ಚಿತ್ರ ಸೇನೆಗೆ ಆಗುವುದಿಲ್ಲ. ಎರಡೂ ಕಡೆ ಅರ್ಜಿ ಹಾಕುವ ಯೋಚನೆ ಇದ್ದರೆ ಸದ್ಯಕ್ಕೆ ಸುಮ್ನಿರುವುದೇ ಜಾಣತನ. ಆ ವರ್ಷದ ಅಧಿಸೂಚನೆಯನ್ನು ಪೂರ್ತಿ ಓದಿ ಮುಂದುವರಿಯಿರಿ.

ಶಿವಮೊಗ್ಗದ ಮೆಗ್ಗಾನ್‌ನಂಥ ಸರ್ಕಾರಿ ಆಸ್ಪತ್ರೆಯ ಕೆಲಸಕ್ಕೆ?

ಅಲ್ಲಿ ಅಂಕ, ಮೀಸಲಾತಿ, ದಾಖಲೆ ಪರಿಶೀಲನೆ, ವೈದ್ಯಕೀಯ ಪ್ರಮಾಣಪತ್ರ ನೋಡುತ್ತಾರೆ. ಟ್ಯಾಟೂ ದೊಡ್ಡ ವಿಷಯವಾಗುವುದಿಲ್ಲ. ಸೇರಿದ ಮೇಲೆ ಮೇಲಿನವರ ಒಂದೆರಡು ಮಾತು ಕೇಳಬೇಕಾಗಬಹುದು, ಅಷ್ಟೇ.

ಹೊರದೇಶಕ್ಕೆ ಹೋಗಬೇಕು ಅಂತಿದ್ದೇನೆ.

ಬ್ರಿಟನ್ನಿನಲ್ಲಿ ಮುಂಗೈ ಮೇಲೆ ಟ್ಯಾಟೂ ಇರುವ ನರ್ಸುಗಳು ಬೇಕಾದಷ್ಟು ಇದ್ದಾರೆ. ಇನ್ನೊಬ್ಬರಿಗೆ ನೋವಾಗುವಂಥ ಚಿತ್ರ, ಬರಹ ಮಾತ್ರ ಅಲ್ಲಿ ನಡೆಯುವುದಿಲ್ಲ. ಕೊಲ್ಲಿ ದೇಶಗಳಲ್ಲಿ ಹಾಗಲ್ಲ. ಇಸ್ಲಾಂ ಧರ್ಮದಲ್ಲಿ ಶಾಶ್ವತ ಹಚ್ಚೆಯನ್ನು ನಿಷಿದ್ಧ ಎಂದೇ ಹೆಚ್ಚಿನವರು ತಿಳಿಯುತ್ತಾರೆ, ಹಾಗಾಗಿ ಕಾಣುವ ಟ್ಯಾಟೂ ಬಗ್ಗೆ ಕೆಲಸ ಕೊಡುವವರು ಕೇಳುವುದುಂಟು. ಏಜೆಂಟ್ ‘ಏನೂ ಆಗಲ್ಲ ಬಿಡಿ’ ಅಂದರೆ ನಂಬಬೇಡಿ. ಆಸ್ಪತ್ರೆಯಿಂದಲೇ ಇಮೇಲ್‌ನಲ್ಲಿ ಬರಲಿ.

ತೆಗೆಸಿಬಿಡಬಹುದಾ?

ಲೇಸರ್‌ನಿಂದ ಆಗುತ್ತದೆ, ಒಂದೇ ಸಲಕ್ಕಲ್ಲ. ಶಾಯಿ ಕೂತಿರುವುದು ಚರ್ಮದ ಎರಡನೇ ಪದರದಲ್ಲಿ. ಲೇಸರ್ ಅದನ್ನು ಪುಡಿ ಮಾಡುತ್ತದೆ, ಆ ಪುಡಿಯನ್ನು ದೇಹ ನಿಧಾನವಾಗಿ ಸಾಗಿಸುತ್ತದೆ. ಅದಕ್ಕೇ ಎರಡು ಸಲದ ನಡುವೆ ಆರೆಂಟು ವಾರ ಬಿಡುತ್ತಾರೆ. ಕಪ್ಪು ಬೇಗ ಹೋಗುತ್ತದೆ. ಹಸಿರು, ಹಳದಿ ಹಟ ಮಾಡುತ್ತವೆ. ನಮ್ಮ ಬಣ್ಣದ ಚರ್ಮದಲ್ಲಿ ಆ ಜಾಗ ಬಿಳಿಚಿಕೊಳ್ಳುವ ಅಥವಾ ಇನ್ನಷ್ಟು ಕಪ್ಪಾಗುವ ಸಾಧ್ಯತೆ ಇದೆ. ಚರ್ಮದ ಡಾಕ್ಟರ ಹತ್ತಿರವೇ ಹೋಗಿ, ಬ್ಯೂಟಿ ಪಾರ್ಲರ್‌ಗೆ ಬೇಡ. ಅಂಗಡಿಯಲ್ಲಿ ಸಿಗುವ ‘ಟ್ಯಾಟೂ ತೆಗೆಯುವ ಕ್ರೀಮ್’ ಹಚ್ಚಿದರೆ ಚರ್ಮ ಸುಡಬಹುದು, ಶಾಯಿ ಮಾತ್ರ ಅಲ್ಲೇ ಇರುತ್ತದೆ. ಇಂಟರ್‌ವ್ಯೂ ಮುಂದಿನ ತಿಂಗಳು ಅಂತ ಓಡಿ ಬಂದರೆ ಪ್ರಯೋಜನ ಇಲ್ಲ.

ಮದುವೆ ಮನೆಯ ಮೆಹಂದಿ?

ಬಣ್ಣ ಇಳಿಯುವವರೆಗೆ ಸಾಮಾನ್ಯ ವಾರ್ಡಿನಲ್ಲಿ ಬಹಳ ಕಡೆ ನಡೆಯುತ್ತದೆ. ಆಪರೇಷನ್ ಥಿಯೇಟರ್‌ಗೆ ಮುಂಚೆ ಕೇಳಿಕೊಳ್ಳಿ. ಕಡು ಕಪ್ಪಾಗಿ ಬರುವ ‘ಬ್ಲ್ಯಾಕ್ ಮೆಹಂದಿ’ ಮಾತ್ರ ಹಾಕಿಸಬೇಡಿ. ಅದರಲ್ಲಿ ಕೂದಲಿಗೆ ಹಾಕುವ ಡೈಯ ರಾಸಾಯನಿಕ ಬೆರೆಸಿರುತ್ತಾರೆ. ಬೊಕ್ಕೆ ಎದ್ದರೆ ವಾರಗಟ್ಟಲೆ ಗ್ಲೌಸ್ ಹಾಕಲೂ ಆಗುವುದಿಲ್ಲ. ಅಡಿಕೆ ಸುಲಿದ ಕೈಯ ಚೊಗರಿನ ಬಗ್ಗೆಯೂ ಒಬ್ಬಳು ಕೇಳಿದ್ದಳು. ಅದು ಕೊಳೆಯಲ್ಲ, ಕಲೆ. ಕೈ ಸರಿಯಾಗಿ ತೊಳೆದು ಬಂದರೆ ಸಾಕು, ಯಾರಾದರೂ ಕೇಳಿದರೆ ಸುಗ್ಗಿ ಅಂತ ಹೇಳಿ.

ಹುಡುಗರಿಗೆ ನಿಯಮ ಬೇರೆಯಾ?

ನಿಯಮ ಒಂದೇ. ನೋಡುವ ಕಣ್ಣು ಬೇರೆ. ಬ್ರದರ್ ಕೈಮೇಲೆ ಆಂಜನೇಯ ಇದ್ದರೆ ಭಕ್ತಿ ಅನ್ನುತ್ತಾರೆ, ಸಿಸ್ಟರ್ ಕೈಮೇಲೆ ಚಿಟ್ಟೆ ಇದ್ದರೆ ಶೋಕಿ ಅನ್ನುತ್ತಾರೆ. ಇದು ಅನ್ಯಾಯ ಅಂತ ನನಗೂ ಗೊತ್ತು.

ಇಂಟರ್‌ವ್ಯೂನಲ್ಲಿ ಕೇಳಿದರೆ ಏನು ಹೇಳಲಿ?

ಮುಚ್ಚಿಡಬೇಡಿ, ಕಥೆಯನ್ನೂ ಹೇಳಬೇಡಿ. ‘ಹೌದು ಮೇಡಂ, ಇದೆ. ಪೂರ್ತಿ ಮಾಗಿದೆ. ಹೆಪಟೈಟಿಸ್ ಬಿ ಮೂರೂ ಡೋಸ್ ಆಗಿದೆ. ನಿಮ್ಮ ಆಸ್ಪತ್ರೆಯ ನಿಯಮ ಏನಿದೆಯೋ ಹಾಗೆ ನಡ್ಕೊಳ್ತೀನಿ.’ ಲಸಿಕೆಯ ಚೀಟಿ ಫೈಲಿನಲ್ಲಿ ಇರಲಿ. ಕೇಳಿದ ಕೂಡಲೇ ತೆಗೆದು ತೋರಿಸಿದರೆ ಮಾತು ಕೈಯಿಂದ ಕೆಲಸದ ಕಡೆಗೆ ತಿರುಗುತ್ತದೆ. ಉಗುರು ಕತ್ತರಿಸಿಕೊಂಡು ಹೋಗಿ. ನೇಲ್ ಪಾಲಿಶ್ ಹಚ್ಚಿದ ಉದ್ದ ಉಗುರು ನೋಡಿದರೆ ನಾನಂತೂ ಟ್ಯಾಟೂಗಿಂತ ಮೊದಲು ಅದನ್ನೇ ಕೇಳುತ್ತೇನೆ.

ಅರ್ಜಿಯಲ್ಲಿ ದೇಹದ ಗುರುತು ಬರೆಯಿರಿ ಅಂತ ಇರುತ್ತದೆ. ಟ್ಯಾಟೂ ಬರೆಯಬಹುದಾ?

ಮಚ್ಚೆಯನ್ನೋ ಹಳೆಯ ಗಾಯದ ಕಲೆಯನ್ನೋ ಬರೆಯಿರಿ. ಟ್ಯಾಟೂ ಬರೆದು ಮುಂದೆ ಯಾವತ್ತೋ ತೆಗೆಸಿದರೆ ದಾಖಲೆ ಹೊಂದುವುದಿಲ್ಲ, ಅದನ್ನು ತಿದ್ದಿಸಲು ಅಲೆಯಬೇಕಾಗುತ್ತದೆ.